ಒಂಬತ್ತನೇ ಕಂತಿನ ಕನ್ನಡಕ

ಗುರುವಾರ ಬೆಳಿಗ್ಗೆ ಎಂಟೂವರೆಗೆ ಸ್ಟೇಷನರಿ ಅಂಗಡಿಯವಳು ಬೀಗದ ಕೈ ಹಿಡಿದು ಬಂದಾಗ ಪಕ್ಕದ ಕನ್ನಡಕದ ಅಂಗಡಿಯ ಷಟರು ಅರ್ಧಕ್ಕೆ ಇಳಿದು ನಿಂತಿತ್ತು. ಶೋಕೇಸಿನ ಗಾಜು ಒಡೆದಿತ್ತು. ಗೋಡೆಯ ಮೇಲೆ ಮೊಳದುದ್ದದ ಕೆಂಪು ಅಕ್ಷರಗಳಲ್ಲಿ ಒಂದೇ ಪದ: ಕೊಲೆಗಾರ.

ಅಕ್ಷರ ನೋಡಿ ಅವಳಿಗೆ ಅಚ್ಚರಿಯಾಗಲಿಲ್ಲ. ಒಂದು ವಾರದಿಂದ ಬೀದಿಯವರೆಲ್ಲ ಬಾಯಲ್ಲಿ ಆಡುತ್ತಿದ್ದುದನ್ನು ಯಾರೋ ಗೋಡೆಗೆ ಬರೆದಿದ್ದರು, ಅಷ್ಟೇ. ಆದರೆ ಒಡೆದ ಗಾಜಿನೊಳಗೆ ಇಣುಕಿದರೆ, ಕೌಂಟರಿನ ಹಿಂದಿನಿಂದ ಎರಡು ಬೂಟು ಹೊರಚಾಚಿದ್ದವು. ಬೂಟಿನೊಳಗೆ ಕಾಲುಗಳಿದ್ದವು.

ಠಾಣೆ ಎರಡು ಬೀದಿ ಆಚೆ. ಆಂಬುಲೆನ್ಸಿಗಿಂತ ಮೊದಲು ಇನ್ಸ್‌ಪೆಕ್ಟರ್ ಬಂದಳು. ಐವತ್ತರ ಹತ್ತಿರದ ಹೆಂಗಸು. ಕಡಿಮೆ ಮಾತು, ನಿಧಾನದ ನಡಿಗೆ. ಷಟರಿನಡಿ ತಲೆ ತಗ್ಗಿಸಿ ಒಳಗೆ ಹೋದಳು. ಕನ್ನಡಕದವನು ಬೋರಲು ಬಿದ್ದಿದ್ದ. ತಲೆಯ ಹಿಂಭಾಗ ಒಡೆದು ರಕ್ತ ಒಣಗಿತ್ತು. ಆಕೆ ಕತ್ತಿನ ನರ ಮುಟ್ಟಿ ನೋಡಿದಳು.

"ಜೀವ ಇದೆ. ಡಾಕ್ಟರಿಗೆ ಬೇಗ ಬರೋಕೆ ಹೇಳಿ."

ಬಾಗಿಲಲ್ಲಿ ಸಹಾಯಕ ನಿಂತಿದ್ದ. ಠಾಣೆಯಲ್ಲಿ ಅವನನ್ನು ಎಲ್ಲರೂ 'ಧಾರಾವಾಹಿ' ಎನ್ನುತ್ತಿದ್ದರು. ಟಿವಿಯಲ್ಲಿ ಯಾವ ಕಂತನ್ನೂ ಬಿಡುವವನಲ್ಲ; ಯಾವ ವರದಿಯನ್ನೂ ಒಂದೇ ಸಲಕ್ಕೆ ಮುಗಿಸುವವನೂ ಅಲ್ಲ.

"ಕಲ್ಲು ತಗುಲಿದೆ ಮೇಡಂ," ಎಂದ. ಕೌಂಟರಿನ ಬಳಿ ಮುಷ್ಟಿ ಗಾತ್ರದ ಕಲ್ಲು ಬಿದ್ದಿತ್ತು. "ಹೊರಗಿಂದ ಎಸೆದಿದ್ದಾರೆ. ಗಾಜು ಒಡೆದು ಬಂದು ತಲೆಗೆ ಬಡಿದಿದೆ."

ಇನ್ಸ್‌ಪೆಕ್ಟರ್ ಬಗ್ಗಿ ನೋಡಿದಳು. ಕನ್ನಡಕದವನ ಬೆನ್ನ ಮೇಲೆ, ಕಾಲರಿನ ಮೇಲೆ, ಒಣಗಿದ ರಕ್ತದ ಮೇಲೂ ಗಾಜಿನ ಚೂರುಗಳಿದ್ದವು. ಅವನನ್ನು ಸ್ಟ್ರೆಚರಿಗೆ ಎತ್ತಿದಾಗ ಮೈಯಡಿಯ ನೆಲ ನೋಡಿದಳು. ಅಲ್ಲಿ ಒಂದು ಚೂರೂ ಇರಲಿಲ್ಲ.

"ಇವರು ಬಿದ್ದ ಮೇಲೆ ಗಾಜು ಒಡೆದಿದೆ," ಎಂದಳು. "ಹೊಡೆದವರು ಬೇರೆ, ಕಲ್ಲು ಎಸೆದವರು ಬೇರೆ. ಕಲ್ಲಿನ ಮೇಲೆ ರಕ್ತವೂ ಇಲ್ಲ, ನೋಡಿ."

ಆಮೇಲೆ ಅಂಗಡಿಯನ್ನು ಒಂದು ಸುತ್ತು ಹಾಕಿದಳು. ಗಿರಾಕಿಗಳು ಮುಖ ನೋಡಿಕೊಳ್ಳುವ ಎರಡು ಕನ್ನಡಿಗಳು ಕೌಂಟರಿನ ಮೇಲೆ, ಭಾರದ ಹಿತ್ತಾಳೆ ಪೀಠದ ಮೇಲೆ ನಿಂತಿದ್ದವು. ಒಂದರ ಪೀಠದ ಮೇಲೆ ಧೂಳಿನ ತೆಳು ಪದರ. ಇನ್ನೊಂದರದ್ದು ಉಜ್ಜಿ ಒರೆಸಿದಷ್ಟು ಸ್ವಚ್ಛ. ಹಿಂದಿನ ಗೋಡೆಯಲ್ಲಿ ಉದ್ದನೆಯ ಡ್ರಾಯರುಗಳು. ಗಿರಾಕಿಗಳ ಕಣ್ಣಿನ ಅಳತೆಯ ಕಾರ್ಡುಗಳು ವರ್ಷವಾರು ಜೋಡಿಸಿಟ್ಟಿದ್ದವು. ಹನ್ನೆರಡು ವರ್ಷ ಹಿಂದಿನ ಡ್ರಾಯರು ಎರಡು ಬೆರಳಷ್ಟು ಹೊರಗಿತ್ತು. ಆಕೆ ಸಂಖ್ಯೆಗಳನ್ನು ಎಣಿಸುತ್ತ ಹೋದಳು. ನಾನೂರ ಹದಿನಾರರ ನಂತರ ನಾನೂರ ಹದಿನೆಂಟು.

"ಟಿವಿ ನೋಡಿ ಸಿಟ್ಟು ಬಂದವರು ಕಲ್ಲು ಎಸೀತಾರೆ," ಎಂದಳು. "ಡ್ರಾಯರು ಹುಡುಕಿ ಒಂದೇ ಒಂದು ಕಾರ್ಡು ತಗೊಂಡು ಹೋಗ್ತಾರಾ?"

* * *

"ಮೊದಲಿಂದ ಹೇಳ್ಲಾ ಮೇಡಂ?" ಎಂದು ಧಾರಾವಾಹಿ ಠಾಣೆಯಲ್ಲಿ ಕುರ್ಚಿ ಎಳೆದುಕೊಂಡ.

"ಒಂದೇ ಕಂತಿನಲ್ಲಿ ಹೇಳಿ."

ಹನ್ನೆರಡು ವರ್ಷದ ಹಿಂದೆ ಈ ಊರಿನ ಶಾಲೆಯ ಮುಖ್ಯೋಪಾಧ್ಯಾಯಿನಿ ಮನೆಯ ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದಿದ್ದರು. ಊರಿಗೆಲ್ಲ ಅವರು 'ದೊಡ್ಡ ಟೀಚರ್'. ಆ ಸಂಜೆ ಮನೆಗೆ ಬಂದು ಹೋದವನು ಅಳಿಯ, ಈ ಕನ್ನಡಕದವನು. ಅತ್ತೆಗೂ ಅಳಿಯನಿಗೂ ಅಷ್ಟಕ್ಕಷ್ಟೇ. ಅವರು ಬಿದ್ದದ್ದಲ್ಲ, ಯಾರೋ ಬೀಳಿಸಿದ್ದು ಎಂದು ಡಾಕ್ಟರು ಹೇಳಿದರು. ತೋಳಿನ ಮೇಲೆ ಬೆರಳಿನ ಗುರುತಿತ್ತು. ಅಳಿಯನ ಮೇಲೆ ಕೇಸಾಯಿತು. "ಹೊಸ ಕನ್ನಡಕ ಕೊಡೋಕೆ ಹೋಗಿದ್ದೆ, ಹಾಕ್ಕೊಂಡು ನೋಡಿ ಖುಷಿಪಟ್ಟರು, ಆರು ಗಂಟೆಗೆ ಹೊರಟೆ," ಎಂದು ಅವನು ಹೇಳಿದ. ಮನೆಯನ್ನೆಲ್ಲ ಜಾಲಾಡಿದರೂ ಹೊಸ ಕನ್ನಡಕ ಸಿಗಲಿಲ್ಲ. ಶವದ ಪಕ್ಕ ಇದ್ದದ್ದು ಹಳೆಯದು. ಕೋರ್ಟು ಸಾಕ್ಷ್ಯ ಸಾಲದೆಂದು ಅವನನ್ನು ಬಿಟ್ಟಿತು. ಊರು ಬಿಡಲಿಲ್ಲ. ಹೆಂಡತಿ ಅಣ್ಣನ ಮನೆ ಸೇರಿದಳು, ನಾಲ್ಕು ವರ್ಷದಲ್ಲಿ ಕಾಯಿಲೆಯಿಂದ ತೀರಿಕೊಂಡಳು. ಒಬ್ಬಳೇ ಮಗಳು ಸೋದರಮಾವನ ಮನೆಯಲ್ಲೇ ಬೆಳೆದಳು. ಈಗ ಅವಳಿಗೆ ಇಪ್ಪತ್ತು.

"ಹೋದ ವಾರದ ಸೋಮವಾರದಿಂದ ಇದೇ ಕಥೆ ಟಿವಿಯಲ್ಲಿ ಬರ್ತಿದೆ. ದಿನಾ ಸಂಜೆ ಏಳಕ್ಕೆ. ಹೆಸರು ಬದಲಾಯಿಸಿದ್ದಾರೆ. ಆದರೆ ಅಳಿಯನಿಗೆ ಕನ್ನಡಕದ ಅಂಗಡಿ ಇಟ್ಟುಬಿಟ್ಟರೆ ಹೆಸರು ಬದಲಾಯಿಸಿ ಏನು ಬಂತು?"

"ನೀವೂ ನೋಡ್ತೀರಾ?"

"ಕೆಲಸದ ಸಲುವಾಗಿ, ಮೇಡಂ."

ವಾಹಿನಿಯವರ ಪುಟದಲ್ಲಿ ಹತ್ತು ದಿನಕ್ಕೆ ನಾಲ್ಕು ಸಾವಿರ ಕಾಮೆಂಟು ಬಿದ್ದಿದ್ದವು. ಇಬ್ಬರೂ ಕೂತು ಓದಿದರು. ಅಳಿಯನ ಪಾತ್ರ ಮಾಡಿದ ನಟನಿಗೇ ಶಾಪ ಹಾಕಿದವರಿದ್ದರು. ಆ ಅಂಗಡಿಯಲ್ಲಿ ಮಾಡಿಸಿದ ಕನ್ನಡಕವನ್ನು ಮುರಿದು ಫೋಟೋ ಹಾಕಿದವರಿದ್ದರು. 'ಇಂಥವರನ್ನು ಬೀದಿಯಲ್ಲಿ ನಿಲ್ಲಿಸಿ ಹೊಡೀಬೇಕು' ಎಂದವರು ಇನ್ನೂರಕ್ಕೂ ಹೆಚ್ಚು. ಅವರಲ್ಲಿ ಒಬ್ಬ ಮಾತ್ರ ಬುಧವಾರ ಮಧ್ಯಾಹ್ನ ಬರೆದಿದ್ದ: 'ಇವತ್ತು ಸಂಜೆ ನನ್ನ ಕಡೆಯಿಂದ ಒಂದು ಸಣ್ಣ ಉಡುಗೊರೆ ಹೋಗುತ್ತೆ.'

ಅವನು ಅಂಗಡಿಯ ಎದುರಿನ ಗ್ಯಾರೇಜಿನವನು. ಕರೆಸಿದಾಗ ಉಗುರಿನ ಸಂದಿಯಲ್ಲಿ ಇನ್ನೂ ಕೆಂಪು ಬಣ್ಣವಿತ್ತು.

"ಬರೆದದ್ದು ನಾನೇ. ಕಲ್ಲೂ ನಂದೇ," ಎಂದು ಬಾಯಿಬಿಟ್ಟ. "ಆದರೆ ಅವನ ಮೈ ಮುಟ್ಟಿಲ್ಲ ಮೇಡಂ. ಒಳಗೆ ದೀಪ ಇರಲಿಲ್ಲ. ಅಂಗಡಿ ಖಾಲಿ ಅಂದ್ಕೊಂಡೆ."

"ಎಷ್ಟು ಹೊತ್ತಿಗೆ?"

"ಏಳು ಇಪ್ಪತ್ತಕ್ಕೆ."

"ಅಷ್ಟು ಸರಿಯಾಗಿ ಹೇಗೆ ಗೊತ್ತು?"

ಗ್ಯಾರೇಜಿನವನು ನೆಲ ನೋಡಿದ. "ಮೊದಲನೇ ಬ್ರೇಕಲ್ಲಿ ಹೋದೆ ಮೇಡಂ. ಜಾಹೀರಾತು ಮುಗಿಯೋದರೊಳಗೆ ವಾಪಸು ಬರಬೇಕಿತ್ತು."

ಧಾರಾವಾಹಿ ತಲೆಯಾಡಿಸಿದ. ಅವನಿಗೆ ಅದು ನ್ಯಾಯವಾದ ಅವಸರವೆಂದೇ ಕಂಡಿತು.

* * *

ಆಸ್ಪತ್ರೆಯಿಂದ ಸುದ್ದಿ ಬಂತು. ಪೆಟ್ಟು ಕಲ್ಲಿನದ್ದಲ್ಲ, ದುಂಡನೆಯ ಅಂಚಿನ ಭಾರದ ಲೋಹದ್ದು. ಕನ್ನಡಿಯ ಪೀಠಕ್ಕೆ ಅಳತೆ ಹೊಂದಿತು. ಪ್ರಜ್ಞೆ ಯಾವಾಗ ಬರುತ್ತದೋ ಹೇಳಲಾಗದು.

ಇನ್ನೊಂದು ಸುದ್ದಿಯನ್ನು ಸ್ಟೇಷನರಿ ಅಂಗಡಿಯವಳು ಕೊಟ್ಟಳು. ಬುಧವಾರ ಸಂಜೆ ಆರಕ್ಕೆ ತಾನು ಬಾಗಿಲು ಹಾಕುವಾಗ ಕನ್ನಡಕದ ಅಂಗಡಿಯಿಂದ ಒಬ್ಬ ಹುಡುಗಿ ಅಳುತ್ತ ಓಡಿದಳಂತೆ. ಒಳಗೆ ಜೋರು ಜೋರಾಗಿ ಮಾತು ಕೇಳಿತ್ತಂತೆ.

"ಮಗಳೇ ಇರಬೇಕು," ಎಂದ ಧಾರಾವಾಹಿ. "ಅಜ್ಜಿಯನ್ನ ಕೊಂದ ಅಪ್ಪ. ದಿನಾ ಟಿವಿಯಲ್ಲಿ ಅದನ್ನೇ ತೋರಿಸ್ತಿದ್ದಾರೆ. ರಕ್ತ ಕುದಿಯದೆ ಇರುತ್ತಾ?"

ಸೋದರಮಾವ ಈಗ ಅದೇ ಶಾಲೆಯ ಹೆಡ್ ಮೇಷ್ಟ್ರು. ದೊಡ್ಡ ಟೀಚರ್ ಮಗ. ಬಾಗಿಲು ತೆರೆದವರು ಅವರೇ. ಇಸ್ತ್ರಿ ಮಾಡಿದ ಅಂಗಿ, ಮೆತ್ತನೆಯ ದನಿ. ಕೂರಿಸಿ ಕಾಫಿ ಕೊಡಿಸಿದರು.

"ಅವನ ಮೇಲೆ ನನಗೆ ಪ್ರೀತಿ ಇಲ್ಲ. ಸುಳ್ಳು ಹೇಳಲ್ಲ," ಎಂದರು. "ಆದರೆ ಹೀಗಾಗಬಾರದಿತ್ತು. ಜನ ರೊಚ್ಚಿಗೆದ್ದರೆ ಯಾರು ತಡೀತಾರೆ? ವಾಹಿನಿಯವರು ಬಂದಾಗಲೇ ನಾನು ಬೇಡ ಅಂದಿದ್ದೆ."

"ನಿನ್ನೆ ಸಂಜೆ ಎಲ್ಲಿದ್ದಿರಿ?"

"ಶಾಲೆಯಲ್ಲಿ. ಪರೀಕ್ಷೆ ಹತ್ತಿರ ಬಂತಲ್ಲ. ಮನೆಗೆ ಬಂದಾಗ ಏಳೂಕಾಲು. ಕೇಳಿ ಬೇಕಾದರೆ." ಒಳಬಾಗಿಲಲ್ಲಿ ನಿಂತಿದ್ದ ಹೆಂಡತಿ ಹೌದೆಂದು ತಲೆಯಾಡಿಸಿದಳು.

ಹುಡುಗಿ ಗೇಟಿನ ತನಕ ಬಂದಳು. ಕಣ್ಣು ಊದಿಕೊಂಡಿದ್ದವು. ಇನ್ಸ್‌ಪೆಕ್ಟರ್ ನೇರವಾಗಿ ಕೇಳಿದಳು. ಅವಳು ನೇರವಾಗಿ ಹೇಳಿದಳು.

"ಹೋಗಿದ್ದೆ. ಅವರೇ ಫೋನ್ ಮಾಡಿದ್ರು. ಹನ್ನೆರಡು ವರ್ಷದಲ್ಲಿ ಎರಡನೇ ಸಲ. ಮೊದಲನೆಯದು ಅಮ್ಮ ಹೋದಾಗ."

"ಏನಂದ್ರು?"

"ಅಜ್ಜಿಯ ಕನ್ನಡಕ ಟಿವಿಯಲ್ಲಿ ನೋಡಿದೆ ಅಂದ್ರು." ಅವಳು ಬಾಯಿ ಬಿಗಿ ಹಿಡಿದಳು. "ಕೋರ್ಟಲ್ಲೂ ಅದೇ ಕನ್ನಡಕ, ಈಗಲೂ ಅದೇ ಕನ್ನಡಕ. ನಾಟಕ ಸಾಕು ಅಂತ ಕೂಗಾಡಿ ಬಂದುಬಿಟ್ಟೆ."

"ಆಸ್ಪತ್ರೆಗೆ ಹೋದೆಯಾ?"

"ಇಲ್ಲ. ಮಾವ ಕರ್ಕೊಂಡು ಹೋಗ್ತೀನಿ ಅಂದಿದ್ದಾರೆ. ನನಗೇ ಮನಸ್ಸು ಗಟ್ಟಿ ಆಗ್ತಿಲ್ಲ."

ಗೇಟಿನಾಚೆ ಬಂದ ಮೇಲೆ ಧಾರಾವಾಹಿ ಕೇಳಿದ: "ಹಿಡ್ಕೊಂಡು ಹೋಗೋಣ್ವಾ ಮೇಡಂ?"

"ಯಾರನ್ನ?"

"ಹುಡುಗಿಯನ್ನ."

"ಮೊದಲು ಹಳೇ ಕೋರ್ಟಿನ ಫೈಲು ತರಿಸಿ," ಎಂದಳು ಇನ್ಸ್‌ಪೆಕ್ಟರ್. ಆಸ್ಪತ್ರೆಯ ಕೋಣೆಯ ಮುಂದೆ ಇಬ್ಬರು ಪೊಲೀಸರನ್ನು ಕೂರಿಸಲೂ ಅಲ್ಲಿಂದಲೇ ಫೋನು ಮಾಡಿದಳು.

* * *

ಇನ್ಸ್‌ಪೆಕ್ಟರಳ ತಾಯಿ ಏಳು ಗಂಟೆಯ ಸೀರಿಯಲ್ ಮುಗಿಯುವ ತನಕ ಯಾರ ಜೊತೆಗೂ ಮಾತಾಡುವವರಲ್ಲ. ಮಗಳು ಬಂದಾಗ ಹನ್ನೊಂದನೇ ಕಂತಿನ ಕೊನೆಯ ದೃಶ್ಯ.

"ಹಾಳಾದವನು, ಹೇಗೆ ಮುಖ ಮುಚ್ಕೊಂಡು ಅಳ್ತಾನೆ ನೋಡು," ಎಂದರು ಪರದೆಗೆ. ಆಮೇಲೆ ಮಗಳಿಗೆ: "ನಿಜವಾದವನಿಗೆ ಹೊಡೆದುಹಾಕಿದರಂತಲ್ಲೇ? ನಮ್ಮ ಗುಂಪಿನಲ್ಲಿ ಎಲ್ಲರೂ ಅದೇ ಮಾತು. ಯಾರೂ ಅಯ್ಯೋ ಅನ್ನಲಿಲ್ಲ ಕಣೇ. ನಾನೂ ಅನ್ನಲಿಲ್ಲ."

"ಒಂಬತ್ತನೇ ಕಂತು ನೋಡಿದ್ಯಾ?" ಎಂದಳು ಮಗಳು.

"ನೋಡದೆ? ಅದೇ ಎಲ್ಲಕ್ಕಿಂತ ಚೆನ್ನಾಗಿತ್ತು. ಟೀಚರ್ ಪಾರ್ಟು ಮಾಡಿದಾಕೆ ಎಂಥ ನಟನೆ ಅಂತೀಯ! ಮೆಟ್ಟಿಲು ಇಳಿಯುವಾಗ ಕಾಲು ಎಲ್ಲಿ ಇಡಲಿ ಅಂತ ತಡಕಾಡ್ತಾಳೆ. ಕಣ್ಣು ಕಿರಿದು ಮಾಡ್ತಾಳೆ. ನನಗೆ ಆಪರೇಷನ್ನಿಗೆ ಮುಂಚೆ ಹಾಗೇ ಆಗ್ತಿತ್ತಲ್ಲ, ಥೇಟು ಹಾಗೇ."

ಇನ್ಸ್‌ಪೆಕ್ಟರ್ ಕಾಮೆಂಟುಗಳನ್ನು ಮತ್ತೆ ತೆಗೆದಳು. ಒಂಬತ್ತನೇ ಕಂತಿನಡಿ ಮುನ್ನೂರು ಜನ ಅದನ್ನೇ ಬರೆದಿದ್ದರು. 'ಆ ತಡವರಿಕೆಗೆ ಪ್ರಶಸ್ತಿ ಕೊಡಬೇಕು.' 'ಕಣ್ಣಲ್ಲೇ ನಟಿಸಿದ್ದಾರೆ.' ಅದರ ಹಿಂದಿನ ಎಂಟು ಕಂತುಗಳ ಕೆಳಗೆ ಆ ನಟಿಯ ಬಗ್ಗೆ ಒಬ್ಬರೂ ಸೊಲ್ಲೆತ್ತಿರಲಿಲ್ಲ.

ಒಂದೇ ದಿನದಲ್ಲಿ ಒಬ್ಬ ಸಾಧಾರಣ ನಟಿ ಅಷ್ಟು ಒಳ್ಳೆಯವಳಾದದ್ದು ಹೇಗೆ?

* * *

ಶುಕ್ರವಾರ ಬೆಳಿಗ್ಗೆ ವಾಹಿನಿಯ ಕಚೇರಿ. ವೀಕ್ಷಕರ ಕರೆಗಳನ್ನು ಬರೆದುಕೊಳ್ಳುವ ಹುಡುಗಿ ದಪ್ಪ ಪುಸ್ತಕ ಮುಂದಿಟ್ಟಳು. ಬೈಗುಳ, ಹೊಗಳಿಕೆ, ಮತ್ತೆ ಬೈಗುಳ. ಬುಧವಾರ ಬೆಳಿಗ್ಗೆ ಹತ್ತೂಕಾಲಿಗೆ ಬೇರೆ ಥರದ ಒಂದು ಸಾಲು: 'ಟೀಚರ್ ಹಾಕಿದ ಕನ್ನಡಕ ಎಲ್ಲಿಂದ ಬಂತು? ಬಲಗಡೆ ತಿರುಪು ಹಿತ್ತಾಳೆಯದ್ದಾ ನೋಡಿ ಹೇಳಬೇಕು.'

"ಇದು ನೆನಪಿದೆಯಾ?"

"ಚೆನ್ನಾಗಿ ನೆನಪಿದೆ. ಅವತ್ತು ನನಗೆ ಬಯ್ಯದೆ ಮಾತಾಡಿದವರು ಇವರೊಬ್ಬರೇ," ಎಂದಳು ಹುಡುಗಿ. "ಕನ್ನಡಕದ ಅಂಗಡಿಯವರು ಅಂದ್ರು. ಯಾವ ಅಂಗಡಿ ಅಂತ ನನಗೆ ಹೊಳೀಲಿಲ್ಲ. ನಮ್ಮ ಸಾಮಾನಿನ ಕೋಣೆಯವರನ್ನ ಕೇಳಿದೆ. ಟೀಚರ್ ಮನೆಯವರು ಕೊಟ್ಟ ಟ್ರಂಕಿನಲ್ಲಿ ಇತ್ತು ಅಂದ್ರು. ಸರಿ, ಮನೆಯವರನ್ನೇ ಕೇಳಿಬಿಡೋಣ ಅಂತ ಟ್ರಂಕಿನ ಚೀಟಿಯಲ್ಲಿ ಬರೆದಿದ್ದ ಮೊಬೈಲ್ ನಂಬರಿಗೆ ಮೂರು ಗಂಟೆಗೆ ಫೋನ್ ಮಾಡಿದೆ."

"ಯಾರು ತೆಗೆದರು?"

"ಒಬ್ಬರು ಗಂಡಸು. ನಾನು ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ಯಾರು ಕೇಳ್ತಿರೋದು ಅಂತ ಅವರೇ ಕೇಳಿದ್ರು. ಹೇಳಿದೆ. ಇಟ್ಟುಬಿಟ್ರು."

ಇನ್ಸ್‌ಪೆಕ್ಟರ್ ಪುಟ ತಿರುವಿದಳು. ಅದೇ ದಿನ ಸಂಜೆ ಆರೂಕಾಲಿಗೆ ಇನ್ನೊಂದು ಸಾಲು: 'ಕನ್ನಡಕದವರು ಮತ್ತೆ ಕರೆ ಮಾಡಿದರು. ನಾಳೆ ತಾವೇ ಬಂದು ನೋಡುತ್ತಾರಂತೆ. ಹಳೇ ಕಾರ್ಡು ತರುತ್ತಾರಂತೆ.'

ಧಾರಾವಾಹಿ ಆ ಸಾಲಿನ ಮೇಲೆ ಬೆರಳಿಟ್ಟ. "ಹುಡುಗಿ ಹೋದದ್ದು ಆರಕ್ಕೆ. ಆರೂಕಾಲಿಗೆ ಇವರು ಮಾತಾಡಿದ್ದಾರೆ."

"ಹಾಗಾದರೆ ಹುಡುಗಿಯನ್ನ ಬಿಡಿ," ಎಂದಳು ಇನ್ಸ್‌ಪೆಕ್ಟರ್.

ಸಾಮಾನಿನ ಕೋಣೆ ನೆಲಮಾಳಿಗೆಯಲ್ಲಿತ್ತು. ನೋಡಿಕೊಳ್ಳುವವನು ಮುದುಕ, ಎಲ್ಲಕ್ಕೂ ಚೀಟಿ ಅಂಟಿಸಿದ್ದ. ಕನ್ನಡಕಗಳ ಪೆಟ್ಟಿಗೆಯಲ್ಲಿ ಇಪ್ಪತ್ತಿದ್ದವು, ಎಲ್ಲಕ್ಕೂ ಪವರಿಲ್ಲದ ಬರಿ ಗಾಜು.

"ಮೊದಲೆಲ್ಲ ಇದರಲ್ಲಿ ಒಂದು ಕೊಡ್ತಿದ್ದೆ. ಒಂಬತ್ತನೇ ಕಂತಿಗೆ ಟ್ರಂಕು ಬಂತು," ಎಂದ. "ಹೆಡ್ ಮೇಷ್ಟ್ರ ಹೆಂಡತಿ ಕಳಿಸಿದ್ದು. ಅತ್ತೆಯ ಹಳೇ ಬಟ್ಟೆ, ಹೊಲಿಗೆ ಪೆಟ್ಟಿಗೆ. ಪೆಟ್ಟಿಗೆಯ ತಳದಲ್ಲಿ ಗೂಡು ಸಮೇತ ಈ ಕನ್ನಡಕ. ನಿಜವಾದದ್ದು ಅಂತ ನಿರ್ದೇಶಕರು ಕುಣಿದಾಡಿಬಿಟ್ರು. ಪಾಪ, ಆ ನಟಿ. ಹಾಕ್ಕೊಂಡರೆ ಏನೂ ಕಾಣಲ್ಲ, ತಲೆನೋವು ಬರುತ್ತೆ ಅಂತ ಗೋಳಾಡಿದಳು. ಜನ ನೋಡಿದರೆ ನಟನೆ ಅಂತಾರೆ!"

ಕಪ್ಪು ಫ್ರೇಮು. ಎಡಗಡೆಯ ಕಡ್ಡಿ ಸ್ವಲ್ಪ ಮೇಲಕ್ಕೆ ಬಾಗಿತ್ತು. ಬಲಗಡೆಯ ಕೀಲಿನಲ್ಲಿ ಒಂದೇ ಒಂದು ಹಿತ್ತಾಳೆ ತಿರುಪು.

"ಇದನ್ನ ಬೇರೆ ಯಾರಾದರೂ ಕೇಳಿದರಾ?"

"ಮೇಷ್ಟ್ರೇ ಬಂದಿದ್ರಲ್ಲ. ನಿನ್ನೆ ಬೆಳಿಗ್ಗೆ ಎಂಟಕ್ಕೆ. ನಾನು ಬೀಗ ತೆಗೆಯೋ ಮೊದಲೇ ನಿಂತಿದ್ರು. ತಾಯಿಯ ನೆನಪು, ಈಗಲೇ ವಾಪಸು ಕೊಡಿ ಅಂದ್ರು. ಇನ್ನೂ ಶೂಟಿಂಗ್ ಇದೆ, ನಿರ್ದೇಶಕರ ಮಾತಿಲ್ಲದೆ ಕೊಡೋಕಾಗಲ್ಲ ಅಂದೆ. ಅಷ್ಟು ಮೆತ್ತನೆಯ ಮನುಷ್ಯ, ನನ್ನ ಮೇಲೇ ರೇಗಿಬಿಟ್ರು."

* * *

ಶನಿವಾರ ಬೆಳಿಗ್ಗೆ ಹತ್ತಕ್ಕೆ ಮೇಷ್ಟ್ರ ಮನೆಯ ನಡುಮನೆಯಲ್ಲಿ ಐದು ಜನ ಕೂತಿದ್ದರು: ಮೇಷ್ಟ್ರು, ಹೆಂಡತಿ, ಹುಡುಗಿ, ಇನ್ಸ್‌ಪೆಕ್ಟರ್, ಧಾರಾವಾಹಿ. ಇನ್ಸ್‌ಪೆಕ್ಟರ್ ಕನ್ನಡಕವನ್ನು ಮೇಜಿನ ಮೇಲಿಟ್ಟಳು.

"ಇದನ್ನ ನೀವು ಕೊಟ್ಟಿರಾ?" ಎಂದು ಹೆಂಡತಿಯನ್ನು ಕೇಳಿದಳು.

"ಟ್ರಂಕು ಕೊಟ್ಟೆ. ಒಳಗೆ ಇದು ಇತ್ತು ಅಂತ ಗೊತ್ತಿರಲಿಲ್ಲ," ಎಂದಳಾಕೆ. "ಇವರು ಶಾಲೆಯ ಮಕ್ಕಳನ್ನ ಕರ್ಕೊಂಡು ಪ್ರವಾಸ ಹೋಗಿದ್ರು. ವಾಹಿನಿಯವರು ಬಂದು ಕೇಳಿದ್ರು. ಯಾರಿಗೂ ಬೇಡದ ಹಳೇ ಸಾಮಾನು, ಹೋದರೆ ಹೋಗಲಿ ಅಂತ ಕೊಟ್ಟುಬಿಟ್ಟೆ."

"ಟಿವಿಯಲ್ಲಿ ಇದನ್ನ ನೋಡಿದಾಗ ಇವರೇನಂದ್ರು?"

ಹೆಂಡತಿ ಗಂಡನ ಮುಖ ನೋಡಿದಳು. "ಎದ್ದು ಟಿವಿ ಆರಿಸಿಬಿಟ್ರು. ತಲೆನೋವು ಅಂದ್ರು."

"ಇದು ಅಮ್ಮನ ಹಳೇ ಕನ್ನಡಕ," ಎಂದರು ಮೇಷ್ಟ್ರು. "ಅದರಲ್ಲೇನಿದೆ?"

"ಹಳೇದು ಕೋರ್ಟಿನಲ್ಲಿದೆ ಮೇಷ್ಟ್ರೇ. ಶವದ ಪಕ್ಕ ಸಿಕ್ಕಿದ್ದು. ಇದು ಹೊಸದು." ಇನ್ಸ್‌ಪೆಕ್ಟರ್ ಒಂದು ಕಾಗದ ಬಿಡಿಸಿದಳು. "ನಿಮ್ಮ ಭಾವನ ಅಂಗಡಿಯಿಂದ ನಾನೂರ ಹದಿನೇಳನೇ ಕಾರ್ಡು ಹೋಗಿದೆ. ಅದಿಲ್ಲದಿದ್ದರೆ ಈ ಕನ್ನಡಕ ಯಾರದ್ದು ಅಂತ ಹೇಳೋಕಾಗಲ್ಲ ಅಂತ ತಗೊಂಡವರು ಅಂದ್ಕೊಂಡರು. ಆದರೆ ಅದರ ನಕಲನ್ನ ಹನ್ನೆರಡು ವರ್ಷದ ಹಿಂದೆಯೇ ವಕೀಲರು ಕೋರ್ಟಿಗೆ ಕೊಟ್ಟಿದ್ದರು. ನಿನ್ನೆ ಬೇರೊಬ್ಬರ ಹತ್ತಿರ ಈ ಲೆನ್ಸು ಅಳೆಸಿದೆ. ಎರಡೂ ಕಣ್ಣಿನ ಅಳತೆ ಕೂದಲೆಳೆಯಷ್ಟೂ ಬದಲಿಲ್ಲ. ಕಪ್ಪು ತಿರುಪು ಮುಗಿದಿದ್ದರಿಂದ ಹಿತ್ತಾಳೆಯದ್ದು ಹಾಕಿದೆ ಅಂತ ನಿಮ್ಮ ಭಾವ ಅವತ್ತೇ ಹೇಳಿಕೆ ಕೊಟ್ಟಿದ್ದರು. ಯಾರೂ ನಂಬಲಿಲ್ಲ."

ಹುಡುಗಿ ಕನ್ನಡಕದತ್ತ ಕೈ ಚಾಚಿ, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡಳು.

"ಬುಧವಾರ ಮೂರಕ್ಕೆ ವಾಹಿನಿಯವರು ನಿಮಗೆ ಫೋನ್ ಮಾಡಿದರು. ಕೇಳ್ತಿರೋದು ಯಾರು ಅಂತ ನಿಮಗೆ ಗೊತ್ತಾಯಿತು. ಶಾಲೆಯ ಕಾವಲುಗಾರ ಹೇಳಿದ ಹಾಗೆ ಆರೂಕಾಲಿಗೆ ನೀವು ಹೊರಟಿರಿ. ಮನೆಗೆ ಹತ್ತು ನಿಮಿಷದ ದಾರಿ, ಬಂದಿದ್ದು ಏಳೂಕಾಲಿಗೆ. ಊರಿಗೆ ಊರೇ ಟಿವಿ ಮುಂದೆ ಕೂರೋಕೆ ಓಡುವ ಹೊತ್ತು, ಬೀದಿಯಲ್ಲಿ ಯಾರಿರುತ್ತಾರೆ? ಹೊಡೆದಿರಿ, ಪೀಠ ಒರೆಸಿದಿರಿ, ಕಾರ್ಡು ತಗೊಂಡಿರಿ, ದೀಪ ಆರಿಸಿ ಷಟರು ಅರ್ಧ ಇಳಿಸಿ ಹೋದಿರಿ. ಆಮೇಲೆ ಗ್ಯಾರೇಜಿನವನು ಬಂದು ಗೋಡೆಗೆ ಬರೆದು ಕಲ್ಲೂ ಎಸೆದ. ನೀವು ಕೇಳದೆ ಸಿಕ್ಕ ಸಹಾಯ ಅದು."

"ಊಹೆ," ಎಂದರು ಮೇಷ್ಟ್ರು. ದನಿ ಇನ್ನೂ ಮೆತ್ತಗಿತ್ತು. "ಎಲ್ಲ ಬರೀ ಊಹೆ."

"ಹೌದು. ಇನ್ನೊಂದು ಊಹೆಯೂ ಇದೆ." ಆಕೆ ಕುರ್ಚಿಯ ಪಕ್ಕದಲ್ಲಿದ್ದ ಚರ್ಮದ ಚೀಲದತ್ತ ನೋಡಿದಳು. "ಈ ಕನ್ನಡಕವನ್ನ ಹೊಳೆಗೋ ಬೆಂಕಿಗೋ ಹಾಕಬಹುದಿತ್ತು. ಹನ್ನೆರಡು ವರ್ಷ ಸಮಯವಿತ್ತು. ನೀವು ಗೂಡಿನಲ್ಲಿಟ್ಟು, ಅಮ್ಮನ ಹೊಲಿಗೆ ಪೆಟ್ಟಿಗೆಯಲ್ಲೇ ಬಚ್ಚಿಟ್ಟಿರಿ. ಆ ಕಾರ್ಡಿನ ಕೆಳಗೆ ನಿಮ್ಮ ತಾಯಿಯ ಸಹಿ ಇದೆ. ಅದನ್ನೂ ನೀವು ಎಸೆದಿರಲ್ಲ ಅಂತ ನನ್ನ ಊಹೆ."

ಧಾರಾವಾಹಿ ಚೀಲ ತೆರೆದ. ಡೈರಿಯ ನಡುವೆ ಕಾರ್ಡು ಇತ್ತು. ಮಡಿಕೆ ಕೂಡ ಬಿದ್ದಿರಲಿಲ್ಲ.

ಮೇಷ್ಟ್ರು ಕಾರ್ಡನ್ನೇ ನೋಡುತ್ತ ಕೂತಿದ್ದರು.

"ನಿಮ್ಮ ತಾಯಿ ಸತ್ತ ದಿನ ಮಹಡಿಯ ಮೇಜಿನ ಮೇಲೆ ದೀಪ ಉರೀತಿತ್ತು," ಎಂದಳು ಇನ್ಸ್‌ಪೆಕ್ಟರ್. "ಕೆಂಪು ಪೆನ್ನಿನ ಮುಚ್ಚಳ ತೆಗೆದಿತ್ತು. ಕಾಗದ ಮಾತ್ರ ಇರಲಿಲ್ಲ. ಫೈಲಿನಲ್ಲಿ ಬರೆದಿದ್ದಾರೆ, ಯಾರೂ ಕೇಳಿಲ್ಲ. ಹೊಸ ಕನ್ನಡಕ ಹಾಕ್ಕೊಂಡು ಅವರು ಓದಿದ್ದೇನು? ಅದು ನನಗೆ ಗೊತ್ತಿಲ್ಲ. ನೀವೇ ಹೇಳಬೇಕು."

ಮೇಷ್ಟ್ರು ಕನ್ನಡಕವನ್ನು ತಮ್ಮತ್ತ ಎಳೆದುಕೊಂಡರು.

"ಅಂಕಪಟ್ಟಿ," ಎಂದರು. "ಆರು ತಿಂಗಳಿಂದ ಅಮ್ಮನಿಗೆ ಸಣ್ಣ ಅಕ್ಷರ ಕಾಣ್ತಿರಲಿಲ್ಲ. ನಾನು ಓದ್ತಿದ್ದೆ, ಅವರು ಸಹಿ ಮಾಡ್ತಿದ್ರು. ನನ್ನ ತರಗತಿಯ ಗಣಿತದ ಅಂಕ ನಾನು ತಿದ್ದಿದ್ದೆ. ಹುಡುಗರೆಲ್ಲ ಪಾಸಾಗಿದ್ದಾರೆ ಅಂತ ಅಮ್ಮನಿಗೆ ಎಷ್ಟು ಹೆಮ್ಮೆ! ಅವತ್ತು ಕನ್ನಡಕ ಬಂತು. ಮಗುವಿನ ಹಾಗೆ ಖುಷಿಯಿಂದ ಮೇಲೆ ಹೋಗಿ ಎಲ್ಲ ಪಟ್ಟಿ ತೆಗೆದು ಓದೋಕೆ ಕೂತ್ರು. ನಾನು ಬಂದಾಗ ತಿದ್ದಿದ ಕಡೆಯೆಲ್ಲ ಕೆಂಪು ಗುರುತು."

"ಆಮೇಲೆ?"

"ನಾಳೆ ಬೆಳಿಗ್ಗೆ ಶಿಕ್ಷಣ ಇಲಾಖೆಗೆ ಹೋಗ್ತೀನಿ ಅಂದ್ರು. ನೋಡದೆ ಸಹಿ ಹಾಕಿದ್ದು ನನ್ನ ತಪ್ಪು, ಅದನ್ನೂ ಹೇಳ್ತೀನಿ ಅಂದ್ರು. ಫೈಲು ಎತ್ತಿಕೊಂಡು ಮೆಟ್ಟಿಲಿಗೆ ಬಂದ್ರು. ತೋಳು ಹಿಡಿದೆ. ಫೈಲು ಎಳೆದೆ. ನಾನು ತಳ್ಳಲಿಲ್ಲ. ಎಳೆದೆ ಅಷ್ಟೇ." ಅವರು ಕೈಗಳನ್ನು ಒಂದರೊಳಗೊಂದು ಹಿಸುಕಿಕೊಂಡರು. "ಹೊಸ ಕನ್ನಡಕ ಇದ್ದರೆ ಏನು ಓದ್ತಿದ್ರು ಅಂತ ಕೇಳ್ತಾರೆ ಅನ್ನಿಸ್ತು. ಹಳೇದನ್ನ ತಂದು ಪಕ್ಕದಲ್ಲಿಟ್ಟೆ. ಇದನ್ನ ಎಸೆಯೋಕೆ ಎಷ್ಟೋ ಸಲ ಹೋಗಿದ್ದೀನಿ. ಕೈ ಬರಲಿಲ್ಲ."

"ಭಾವನ ಮೇಲೆ ಅಪವಾದ ಬಂದಾಗ?"

"ಕೋರ್ಟು ಬಿಡುತ್ತೆ ಅಂದ್ಕೊಂಡೆ. ಬಿಟ್ಟಿತಲ್ಲ."

ಹುಡುಗಿ ಬಹಳ ಮೆಲ್ಲಗೆ ಕೇಳಿದಳು: "ನನ್ನ ಜೊತೆ ಆಸ್ಪತ್ರೆಗೆ ಬರ್ತೀನಿ ಅಂದ್ರಲ್ಲ ಮಾವ, ಯಾಕೆ?"

ಮೇಷ್ಟ್ರ ಹೆಂಡತಿ ಎದ್ದು ಹುಡುಗಿಯ ಪಕ್ಕಕ್ಕೆ ಬಂದು ನಿಂತಳು.

* * *

ವಾಹಿನಿಯವರು ಹದಿಮೂರನೇ ಕಂತಿಗೇ ಸೀರಿಯಲ್ ನಿಲ್ಲಿಸಿದರು. ಭಾನುವಾರದೊಳಗೆ ಅವರ ಪುಟದಲ್ಲಿ ಹೊಸದಾಗಿ ಎರಡು ಸಾವಿರ ಕಾಮೆಂಟು ಬಿದ್ದವು. 'ಮಗನ ಮೇಲೆ ನನಗೆ ಮೊದಲಿಂದಲೂ ಅನುಮಾನ.' 'ಕನ್ನಡಕದವರ ಮುಖ ನೋಡಿದರೇ ಗೊತ್ತಾಗುತ್ತಿತ್ತು, ಪಾಪದವರು.' ಹಿಂದಿನ ವಾರ ಶಾಪ ಹಾಕಿದವರಲ್ಲಿ ಬಹುಪಾಲು ಜನ ತಮ್ಮ ಮಾತನ್ನು ಅಳಿಸಿಬಿಟ್ಟಿದ್ದರು. ಇನ್ಸ್‌ಪೆಕ್ಟರಳ ತಾಯಿ ಎರಡು ದಿನ ಟಿವಿ ಹಾಕಲಿಲ್ಲ. ಮೂರನೇ ದಿನ ಬೇರೊಂದು ಸೀರಿಯಲ್ ಹಿಡಿದರು.

ಕನ್ನಡಕದವನಿಗೆ ಮಂಗಳವಾರ ಪ್ರಜ್ಞೆ ಬಂತು. ಹೇಳಿಕೆ ಪಡೆಯಲು ಇನ್ಸ್‌ಪೆಕ್ಟರ್ ಹೋದಳು. ಅವನು ನಿಧಾನವಾಗಿ, ತಡೆದು ತಡೆದು ಮಾತಾಡಿದ. ಹಿಂದಿನಿಂದ ಪೆಟ್ಟು ಬಿದ್ದದ್ದರಿಂದ ಹೊಡೆದವರನ್ನು ನೋಡಿರಲಿಲ್ಲ. ಅಂಗಡಿಗೆ ಬಂದಿದ್ದವರು ಹೆಂಡತಿಯ ಅಣ್ಣ. 'ಕಾರ್ಡು ತೋರಿಸು' ಅಂದರು, ತೆಗೆಯಲು ತಿರುಗಿದೆ, ಅಷ್ಟೇ ನೆನಪು ಎಂದ. ನಡೆದದ್ದನ್ನು ಆಕೆ ಮೊದಲಿನಿಂದ ಕೊನೆಯ ತನಕ ಹೇಳಿದಳು. ಅವನು ಸಿಟ್ಟಾಗಲಿಲ್ಲ, ಅಳಲಿಲ್ಲ. "ಮಗಳಿಗೆ ಗೊತ್ತಾಯ್ತಾ?" ಎಂದು ಕೇಳಿದ.

ಮಗಳು ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಶನಿವಾರದಿಂದ ಅಲ್ಲೇ ಕೂತಿದ್ದಳೆಂದು ನರ್ಸು ಹೇಳಿದಳು. ಒಂದು ಸಲವೂ ಒಳಗೆ ಕಾಲಿಟ್ಟಿರಲಿಲ್ಲ.

ಇನ್ಸ್‌ಪೆಕ್ಟರ್ ಪಕ್ಕದಲ್ಲಿ ಕೂತಳು.

"ಮಾವ ನನ್ನನ್ನ ಚೆನ್ನಾಗೇ ನೋಡ್ಕೊಂಡ್ರು ಮೇಡಂ," ಎಂದಳು ಹುಡುಗಿ. "ಒಂದು ದಿನ ಬೈದಿಲ್ಲ. ಜ್ವರ ಬಂದರೆ ಪಕ್ಕದಲ್ಲೇ ಕೂತಿರ್ತಿದ್ರು. ಅದೂ ನಿಜ, ಇದೂ ನಿಜ. ಇದನ್ನ ನಾನು ಯಾರ ಹತ್ತಿರ ಹೇಳ್ಕೊಳ್ಳಲಿ?"

"ಒಳಗಿದ್ದಾರಲ್ಲ, ಅವರ ಹತ್ತಿರಾನೇ ಹೇಳ್ಕೋ."

"ಸಿಟ್ಟು ಬರಲ್ವಾ ಅವರಿಗೆ?"

"ಬಂದರೆ ಬರಲಿ. ಜಗಳ ಆಡಿ. ಅಪ್ಪ ಮಗಳು ಅಂದ ಮೇಲೆ ಅದೂ ಬಾಕಿ ಇದೆಯಲ್ಲ."

ಹುಡುಗಿ ಅಂಗೈಯಿಂದ ಮುಖ ಒರೆಸಿಕೊಂಡಳು. ಎದ್ದು ನಿಂತಳು, ಮತ್ತೆ ಕೂತಳು, ಮತ್ತೆ ಎದ್ದಳು. ಬಾಗಿಲು ತಳ್ಳಿ ಒಳಗೆ ಹೋದಳು. ಆಮೇಲೆ ಅವಳ ದನಿ ಜೋರಾಯಿತು: "ಇಷ್ಟು ವರ್ಷ ಒಂದು ಸಲ ಬಂದು ನನ್ನ ಎದುರು ನಿಂತು ಹೇಳೋಕೆ ಆಗಲಿಲ್ವಾ ನಿಮಗೆ?"

ನರ್ಸು ಗಾಬರಿಯಾಗಿ ಬಾಗಿಲ ಕಡೆ ಓಡಿದಳು. ಇನ್ಸ್‌ಪೆಕ್ಟರ್ ಕೈ ಅಡ್ಡ ಹಿಡಿದು ಅವಳನ್ನು ನಿಲ್ಲಿಸಿದಳು.